ಪಾಳಿಯಲ್ಲಿ ಐದನೆಯವರು

ಮಗಳ ಸಿತಾರಿನ ತಂತಿ ಹರಿದಿತ್ತು. ಹಾಕಿಸಿಕೊಂಡು ಬರೋಣವೆಂದು ಹೋದ ವಾರ ವಿಶ್ರಾಮಬಾಗದಿಂದ ಮಿರಜಿಗೆ ಹೋಗಿದ್ದೆ. ಸಿತಾರು ಮಾಡುವವರ ಓಣಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬರುವುದು ಪಾಲಿಶಿನ ವಾಸನೆ. ಹುಟ್ಟಿ ಬೆಳೆದ ಊರು, ಅದೇನು ನನಗೆ ಹೊಸದಲ್ಲ. ಆದರೆ ಆ ದಿನ ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಒಂದು ಒಣ ಸೋರೆಬುರುಡೆ ಬೋರಲು ಬಿದ್ದಿತ್ತು. ಒಂದು ಬದಿಗೆ ಸೀಳು. ಸೀಳಿನ ಪಕ್ಕ ಸೀಮೆಸುಣ್ಣದಲ್ಲಿ ಗೀಟು ಎಳೆದಿದ್ದರು. ವಾದ್ಯಕ್ಕೆ ಬರುವುದಿಲ್ಲ, ಎಸೆಯಬೇಕು ಎಂಬ ಗುರುತು. ನಾನು ಸುಮ್ಮನೆ ಕೂಡಬಹುದಿತ್ತು. ಬೆರಳ ಗೆಣ್ಣಿನಿಂದ ಅದರ ಬೆನ್ನಿಗೆ ಎರಡು ಸಲ ಬಡಿದೆ. ಟೊಕ್, ಟೊಕ್… ಅಷ್ಟಕ್ಕೇ ಒಂಬತ್ತನೆಯ ಇಯತ್ತೆಯ ಹುಡುಗಿಯಾಗಿಬಿಟ್ಟೆ, ಅದೂ ನಾಟಕದ ನಡುವೆ ಮುಂದಿನ ಮಾತು ಮರೆತುಹೋದ ಹುಡುಗಿ.

ನಮ್ಮ ಡ್ರಾಯಿಂಗ್ ಸರ್ ಹತ್ತಿರ ಇಂಥದೇ ಬುರುಡೆ ಇತ್ತು. ಅವರ ಬಾಡಿಗೆಯ ಖೋಲಿ ಇದೇ ಓಣಿಯಲ್ಲಿ, ಒಂದು ಸಿತಾರಿನ ಕಾರಖಾನೆಯ ಮೇಲೆ. ಕೆಳಗಿನವರು ಎಸೆಯಬೇಕೆಂದು ಹೊರಗಿಟ್ಟದ್ದನ್ನು ಇವರು ಎತ್ತಿಕೊಂಡು, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಶಾಲೆಗೆ ತರುತ್ತಿದ್ದರು. ಸಣ್ಣ ಆಳು. ಅಂಗಿಯ ಕಿಸೆಯಲ್ಲಿ ಸದಾ ಪೆನ್ಸಿಲ್ ಚೂಪು ಮಾಡಿದ ಸಿಪ್ಪೆ. ನೆಲ ಹೊಲಸಾಗಬಾರದೆಂದು ಕಿಸೆಗೆ ಹಾಕಿಕೊಳ್ಳುತ್ತಿದ್ದರು, ಆಮೇಲೆ ಕರವಸ್ತ್ರ ಎಳೆದಾಗ ಅಷ್ಟೂ ಸಿಪ್ಪೆ ಮುಖ್ಯಾಧ್ಯಾಪಕರ ಮೇಜಿನ ಮೇಲೆ ಉದುರುತ್ತಿತ್ತು. ನಾವು ನಗುತ್ತಿದ್ದೆವು. ಅವರಿಗೆ ನಾವೇಕೆ ನಗುತ್ತೇವೆಂದು ಕೊನೆಯವರೆಗೂ ತಿಳಿಯಲಿಲ್ಲ ಅಂತ ಕಾಣುತ್ತದೆ.

ಶಾಲೆ ಮರಾಠಿ ಮಾಧ್ಯಮದ್ದು. ಸರ್ ಮರಾಠಿಯವರು. ಅವರ ಮಾತನ್ನೆಲ್ಲ ಇಲ್ಲಿ ನಾನು ನನ್ನ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅವರು ಈಗ ಓದಿದ್ದರೆ ಎಲ್ಲಿ ತಪ್ಪಿದೆ ಎಂದು ತೋರಿಸುತ್ತಿದ್ದರೇನೋ. ಆ ಕತೆ ಆಮೇಲೆ.

ಒಂದು ದಿನ ಸರ್ ಹೇಳಿದರು, "ಮನಿಯಿಂದ ಸಾಳಿಗಿ ಬರೂ ದಾರ್ಯಾಗ ದಿನಾ ಕಾಣೂದು, ಆದರ ಮನ್ಯಾಗ ಯಾರಿಗೂ ಹೇಳದ್ದು, ಅಂಥಾದ್ದರ ಒಂದು ಚಿತ್ರ ತೆಗೀರಿ." ನಾನು ಎರಡು ಗುಡ್ಡ, ನಡುವೆ ಸೂರ್ಯ ತೆಗೆದೆ. ಮಿರಜಿನಲ್ಲಿ ಗುಡ್ಡ ಎಲ್ಲಿದೆ ಎಂದು ಕೇಳಿ ಸರ್ ಮುಂದೆ ಹೋದರು. ನನ್ನ ಪಕ್ಕದ ಹುಡುಗಿಯ ಅಪ್ಪ ಅವ್ವ ಅಥಣಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರು. ಅವಳು ಒಂದು ದವಾಖಾನೆಯ ಕಿಟಕಿ ತೆಗೆದಿದ್ದಳು. ಕಿಟಕಿಯೊಳಗೆ ಹೊರಗಿನಿಂದ ಚಾಚಿದ ಒಂದು ಕೈ, ಕೈಯಲ್ಲಿ ಒಂದು ಚೀಟಿ. ಮುಖ ಇರಲಿಲ್ಲ. ಯಾಕೆಂದು ಸರ್ ಕೇಳಿದ್ದಕ್ಕೆ, ಒಳಗೆ ಕೂತವರಿಗೆ ಕೈ ಅಷ್ಟೇ ಕಾಣುವುದು ಸರ್ ಅಂದಳು. ಊರಿಂದ ಬರುವ ಜನ ಕನ್ನಡದಲ್ಲಿ ಕೇಳುತ್ತಾರೆ, ಉತ್ತರ ಮರಾಠಿಯಲ್ಲಿ ಬರುತ್ತದೆ, ಕೈ ಹಿಂದಕ್ಕೆ ಹೋಗುತ್ತದೆ, ಮತ್ತೊಂದು ಕೈ ಬರುತ್ತದೆ. ಇಷ್ಟು ಹೇಳಿ ಅವಳು ಕೂತಳು.

ಸರ್ ತರಗತಿಯ ಕಡೆ ತಿರುಗಿ, ಕನ್ನಡ ಯಾರಿಗೆ ಬರುತ್ತದೆ ಎಂದು ಕೇಳಿದರು. ಅವಳೊಬ್ಬಳೇ ಕೈ ಎತ್ತಿದಳು. ನಾನು ಕಂಪಾಸಿನ ಡಬ್ಬಿ ತೆರೆದು ಅದರಲ್ಲಿ ಏನೋ ಹುಡುಕಿದೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಬಾಗಿಲ ಹೊರಗೆ ಕನ್ನಡ ಬರುತ್ತದೆ ಅಂದರೆ ನನ್ನನ್ನೂ ಸಿಮೆಂಟಿನ ಬುಟ್ಟಿ ಹೊರುವವರ ಮಗಳು ಅಂದುಕೊಂಡಾರು ಎಂಬ ಸಣ್ಣತನ ಇತ್ತು. ಇತ್ತು ಅಂತ ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಇತ್ತು.

ಮರುದಿನ ಸರ್ ಬಂದವರೇ, ಯಾರಿಂದಲೋ ಬಾಯಿಪಾಠ ಮಾಡಿಕೊಂಡ ಕನ್ನಡದಲ್ಲಿ, ಮುಖ ಗಂಭೀರ ಮಾಡಿಕೊಂಡು, "ನಾಳಿ ಸೂಟಿ ಬೇಕಾದವರು ಕೈ ಎತ್ರಿ" ಅಂದರು. ಅರ್ಧ ತರಗತಿಯ ಕೈ ಮೇಲೆ ಹೋಯಿತು. ನನ್ನದು ಎಲ್ಲರಿಗಿಂತ ಮೊದಲು. ಆ ಎತ್ತಿದ ಕೈಗಳಿಂದಲೇ ಅವರು ನಾಟಕದ ತಂಡ ಮಾಡಿದರು. ಹೇಳಿದ ರಜೆ ಮಾತ್ರ ಕೊಡಲಿಲ್ಲ.

ನಾಟಕ ಬಹಳ ಸರಳ. ಒಂದು ಮೇಜು, ಅದರ ಹಿಂದೆ ಡಾಕ್ಟರು. ಮುಂದೆ ಪಾಳಿಯಲ್ಲಿ ನಾಲ್ಕು ಜನ, ಕೈಯಲ್ಲಿ ಚೀಟಿ. ಸರ್ ಬುರುಡೆಗೆ ಒಂದು ಸಲ ಬಡಿದರೆ ಸುರು. ಡಾಕ್ಟರು ಮರಾಠಿಯಲ್ಲಿ, ರೋಗಿಗಳು ಕನ್ನಡದಲ್ಲಿ; ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಎರಡು ಸಲ ಬಡಿದರೆ ಮಾತು ಅದಲುಬದಲು. ಆಗ ಡಾಕ್ಟರು ಕನ್ನಡ ಆಡಬೇಕು, ಪಾಳಿಯವರು ಮರಾಠಿ. ನೋಡಲು ನಿಂತ ಮರಾಠಿ ಮಂದಿಗೆ, ತಿಳಿಯದ ಮಾತಿನ ಮುಂದೆ ಚೀಟಿ ಹಿಡಿದು ನಿಲ್ಲುವುದು ಹೇಗಿರುತ್ತದೆಂದು ಒಂದು ಗಳಿಗೆ ಗೊತ್ತಾಗಲಿ ಎಂಬುದು ಸರ್ ಲೆಕ್ಕಾಚಾರ. ನಾನು ವಯಸ್ಸಿಗೆ ಮೀರಿ ಉದ್ದ ಬೆಳೆದಿದ್ದೆ, ಆದ್ದರಿಂದ ಡಾಕ್ಟರಾದೆ. ಮನೆಯಲ್ಲಿ ಅವ್ವ ಹಳೆಯ ಚಾದರ ಕತ್ತರಿಸಿ ಬಿಳಿ ಏಪ್ರನ್ ಹೊಲಿದುಕೊಟ್ಟಳು. ಅದಲುಬದಲಾದ ಮೇಲೆ ನನಗೆ ಇದ್ದುದು ಒಂದೇ ಮಾತು. ಪಾಳಿಯಲ್ಲಿ ಯಾರು ಬಂದರೂ, ಚೀಟಿ ನೋಡಿದ ಹಾಗೆ ಮಾಡಿ, "ಇವತ್ತ ಆಗೂದಿಲ್ಲ. ಊರಿಗಿ ಹೋಗಿ ಎಂಟ ದಿನಾ ಬಿಟ್ಟ ಬರ್ರಿ" ಅನ್ನಬೇಕು. ಸರ್ ಬರೆದದ್ದನ್ನು ಕನ್ನಡಕ್ಕೆ ತಿರುಗಿಸಿದವಳು ನಾನೇ.

ಇನ್ನೊಂದು ನಿಯಮ ಇತ್ತು. ನೋಡುವವರಲ್ಲಿ ಯಾರಿಗಾದರೂ ಮನಸ್ಸಾದರೆ ಎದ್ದು ನಾಟಕದೊಳಗೆ ಬರಬಹುದು. ಬಂದವರನ್ನು ತಡೆಯಬಾರದು, ಪಾತ್ರ ಬಿಡದೆ ಅವರಿಗೆ ಉತ್ತರ ಕೊಡಬೇಕು. ಸರ್‌ಗೆ ಜೀವ ಇದ್ದದ್ದೇ ಈ ನಿಯಮದ ಮೇಲೆ. ನೋಡಿ ಚಪ್ಪಾಳೆ ತಟ್ಟಿ ಹೋದರೆ ಏನು ಬಂತು, ಒಳಗೆ ಕಾಲಿಡಬೇಕು ಅನ್ನುತ್ತಿದ್ದರು. ಐದಾರು ಕಡೆ ಆಡಿದೆವು, ಕವಲಾಪುರದ ಬಾಜಾರಿನಲ್ಲೂ ಒಮ್ಮೆ. ಒಬ್ಬರೂ ಒಳಗೆ ಬರಲಿಲ್ಲ. ಪ್ರತಿ ಸಲ ಸರ್ ಬುರುಡೆ ಸೈಕಲ್ಲಿಗೆ ಕಟ್ಟುತ್ತ, "ಬರ್ತಾರ. ಒಂದಿನಾ ಬರ್ತಾರ" ಅನ್ನುತ್ತಿದ್ದರು.

ಬಂದರು.

ಅದೊಂದು ಶನಿವಾರ, ಶಾಲೆ ಅರ್ಧ ದಿನ. ದವಾಖಾನೆಯೊಂದರ ಹತ್ತಿರ ಧರ್ಮಶಾಲೆಯ ಎದುರು ಬಯಲಿದೆ. ರೋಗಿಗಳ ಕಡೆಯವರು ಅಲ್ಲಿ ಮೂರು ಕಲ್ಲು ಹೂಡಿ ಅನ್ನ ಮಾಡಿಕೊಳ್ಳುತ್ತಾರೆ. ಚಹಾ ಅಂಗಡಿಯವರ ಮೇಜು ಕೇಳಿ ತಂದು ಆಡಲು ನಿಂತೆವು. ಮೊದಲ ಭಾಗ ಮುಗಿಯಿತು. ಸರ್ ಎರಡು ಸಲ ಬಡಿದರು, ನಾನು ಕನ್ನಡಕ್ಕೆ ತಿರುಗಿದೆ. ಮೊದಲನೆಯವನು, ಎರಡನೆಯವಳು, ಮೂರನೆಯವನು, ನಾಲ್ಕನೆಯವಳಾಗಿ ಕಿಟಕಿಯ ಚಿತ್ರ ತೆಗೆದ ಹುಡುಗಿ. ಎಲ್ಲರಿಗೂ ಎಂಟು ದಿನ ಹೇಳಿ ಕಳಿಸಿದೆ. ಇನ್ನು ಮುಗಿಯಿತು ಎಂದು ತಲೆ ಎತ್ತಿದರೆ, ಅವಳ ಹಿಂದೆ ಇನ್ನೊಬ್ಬರು ಹೆಣ್ಣುಮಗಳು ನಿಂತಿದ್ದರು. ಕೈಯಲ್ಲಿ ವೈರಿನ ಬುಟ್ಟಿ, ಹಸಿರು ಹಳದಿ ಪಟ್ಟೆಯದು. ಯಾವಾಗ ಪಾಳಿ ಹಚ್ಚಿದರೋ ನನಗೆ ತಿಳಿಯದು.

"ಡಾಕ್ಟರ್ ಬಾಯಾರ," ಅಂದರು, ಚೀಟಿ ಮುಂದೆ ಹಿಡಿದು. "ನಮ್ಮ ಮನಿಯವ್ರದ್ರಿ ಇದು. ಇವತ್ತ ಅಡ್ಮಿಟ್ ಮಾಡ್ರಿ ಅಂದಾರೋ, ಊರಿಗಿ ಹೋಗ್ರಿ ಅಂದಾರೋ, ಏನೂ ತಿಳಿವಲ್ದ್ರಿ. ಇಡೀ ದಿನಾ ತಿರುಗೇನಿ. ನೀವೊಬ್ರು ಸಿಕ್ರಿ ನೋಡ್ರಿ, ನಮ್ಮ ಮಾತ ಆಡೋವ್ರು."

ನಾನು ಚೀಟಿ ಕೈಗೆ ತೆಗೆದುಕೊಂಡೆ. ಅಕ್ಷರ ಒಂದೂ ಓದಲಾಗಲಿಲ್ಲ. ಕೆಳಗೆ ನೇರಳೆ ಬಣ್ಣದ ಗುಂಡನೆಯ ಮುದ್ರೆ ಇತ್ತು. ನಮ್ಮ ನಾಟಕದ ಚೀಟಿಗಳು ವಹಿಯ ಹಾಳೆಗಳು, ಅವಕ್ಕೆ ಮುದ್ರೆ ಇರಲಿಲ್ಲ… ಮುದ್ರೆಯನ್ನು ನಾನು ಆಗಲೇ ನೋಡಿದೆನೋ, ಆಮೇಲೆ ನೆನಪಿಗೆ ಹಚ್ಚಿಕೊಂಡೆನೋ? ಇಷ್ಟು ವರ್ಷವಾದರೂ ಇದೊಂದು ಬಗೆಹರಿದಿಲ್ಲ. ಸರ್ ಕಡೆ ನೋಡಿದೆ. ಅವರಿಗೆ ಆ ಮಾತು ತಿಳಿದಿರಲಿಲ್ಲ, ಸೂಟಿಯ ಕನ್ನಡದ ಆಚೆ ಅವರಿಗೆ ಬರುತ್ತಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ನೋಡುವವರಲ್ಲಿ ಒಬ್ಬರು ಕೊನೆಗೂ ಒಳಗೆ ಬಂದಿದ್ದಾರೆ. ಅವರ ಮುಖದ ತುಂಬ ನಗೆ. ಬಡಿಗೆ ಹಿಡಿದ ಕೈ ಎತ್ತಿ, ನಡೆಯಲಿ, ನಡೆಯಲಿ ಎಂಬ ಹಾಗೆ ಬೀಸಿದರು. ನನ್ನ ನೆನಪು ಹಾಗೆ ಹೇಳುತ್ತದೆ.

"ಇವತ್ತ ಆಗೂದಿಲ್ಲ," ಅಂದೆ. "ಊರಿಗಿ ಹೋಗಿ ಎಂಟ ದಿನಾ ಬಿಟ್ಟ ಬರ್ರಿ."

"ಆತ್ರಿ," ಅಂದರು ಅವರು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬುಟ್ಟಿಯ ತಳಕ್ಕೆ ಇಟ್ಟರು. "ಪುಣ್ಯಾ ಬರ್ಲಿ ನಿಮಗ." ಸುತ್ತಲಿನವರು ಚಪ್ಪಾಳೆ ತಟ್ಟಿದರು. ಅವರು ಚಪ್ಪಾಳೆ ಯಾಕೆಂದು ಒಮ್ಮೆ ಹಿಂದೆ ತಿರುಗಿ ನೋಡಿ, ಹೋದರು.

ಸರ್ ಕುಣಿಯುವುದೊಂದು ಬಾಕಿ. ಆ ತಾಯಿಗೆ ಚಹಾ ಕುಡಿಸಬೇಕು, ಎಲ್ಲಿ ಹೋದರು, ಎಷ್ಟು ಸಹಜವಾಗಿ ಬಂದು ನಿಂತರು ನೋಡಿದೆಯಾ ಎಂದು ಗುಂಪಿನಲ್ಲಿ ಹುಡುಕಾಡಿದರು. ನಾನು ಏಪ್ರನ್ ಬಿಚ್ಚಿ ಮಡಿಚಿದೆ. ಮೇಜು ಹೊತ್ತು ಚಹಾ ಅಂಗಡಿಗೆ ಕೊಟ್ಟು ಬಂದೆವು. ಆಮೇಲಷ್ಟೇ ಹೇಳಿದೆ, "ಸರ್, ಆ ಚೀಟಿ ಖರೇದು ಅನಸ್ತೈತ್ರಿ."

ಅವರು ಬುರುಡೆಗೆ ಹಗ್ಗ ಬಿಗಿಯುತ್ತಿದ್ದರು. "ಖರೇದು ಅಂದ್ರ?"

ಹೇಳಿದೆ. ಹೆಣ್ಣುಮಗಳು ಅಂದದ್ದನ್ನೆಲ್ಲ ಮರಾಠಿಗೆ ತಿರುಗಿಸಿ ಹೇಳಿದೆ. ಹೇಳುತ್ತಾ ಹೋದ ಹಾಗೆ ಸರ್ ಮುಖದ ನಗೆ ಕರಗಿತು. ಬುರುಡೆ ಕೈಜಾರಿ ನೆಲಕ್ಕೆ ಬಿತ್ತು, ಅವರು ಎತ್ತಿಕೊಳ್ಳಲಿಲ್ಲ.

ಧರ್ಮಶಾಲೆಯ ಒಂದೊಂದು ಖೋಲಿ ನೋಡಿದೆವು. ಸ್ಟೇಶನ್ನಿಗೆ ಓಡಿದೆವು. ಬೆಳಗಾವಿ ಕಡೆಯ ಪ್ಯಾಸೆಂಜರ್ ಆಗಲೇ ಬಿಟ್ಟಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅಥಣಿಯ ಬಸ್ಸಿಗೆ ಹತ್ತಿ, ಸೀಟಿನಿಂದ ಸೀಟಿಗೆ ಮುಖ ನೋಡುತ್ತ ಹೋದೆ. ನೋಡುತ್ತ ಹೋದಾಗ ಗೊತ್ತಾಯಿತು, ನನಗೆ ಆ ಮುಖ ನೆನಪಿಲ್ಲ. ಬುಟ್ಟಿ ನೆನಪಿತ್ತು. ಹಸಿರು ಹಳದಿ ಪಟ್ಟೆಯ ಬುಟ್ಟಿ ಆ ಬಸ್ಸೊಂದರಲ್ಲೇ ಮೂರು ಇದ್ದವು. ಒಬ್ಬರನ್ನು "ನೀವ ಏನ್ರಿ?" ಎಂದು ಕೇಳಿದೆ. "ಯಾರ ಬೇಕಾಗಿತ್ತವಾ?" ಅಂದರು ಅವರು. ಏನು ಹೇಳಲಿ? ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಅವರ ಯಜಮಾನರಿಗೆ ಏನಾಗಿದೆ ಅಂತಲೂ ಗೊತ್ತಿಲ್ಲ. ಗೊತ್ತಿದ್ದದ್ದು ನಾನು ಹೇಳಿದ ಮಾತು ಮಾತ್ರ.

ಸೋಮವಾರ, ಸುದ್ದಿ ಕೇಳಿದ ಮುಖ್ಯಾಧ್ಯಾಪಕರು ನಮ್ಮಿಬ್ಬರನ್ನೂ ಕರೆಸಿದರು. ನಾನು ಬಾಯಿ ತೆರೆಯುವ ಮೊದಲೇ ಸರ್, "ಹುಡುಗಿ ಅಂದದ್ದು ನಾ ಬರದ ಮಾತ್ರಿ" ಅಂದರು. ಸುಳ್ಳಲ್ಲ. ನಾಟಕ ಬಂದಾಯಿತು. ಸರ್ ಒಂದೂ ಎದುರು ಮಾತಾಡಲಿಲ್ಲ. ಕರವಸ್ತ್ರ ಎಳೆದರು, ಸಿಪ್ಪೆ ಉದುರಿತು, ಆ ದಿನ ಯಾರೂ ನಗಲಿಲ್ಲ.

ಆದರೆ ಹೊರಗೆ ಬಂದ ಮೇಲೆ ನನ್ನನ್ನು ನಿಲ್ಲಿಸಿ ಅಂದರು, "ಎಂಟ ದಿನಾ ಅಂದಿದ್ದೆಲ್ಲ. ಅಂದ್ರ ಐತವಾರ ಬರ್ತಾರ. ಮುಖಾ ನೆನಪಿಲ್ಲ ಅಂದ್ರೂ ಧ್ವನಿ ಗುರ್ತ ಸಿಗ್ತೈತಿ. ನೀ ಬಾ."

ಹೋದೆ. ಏಪ್ರನ್ ಇಲ್ಲದೆ, ಸಾದಾ ಫ್ರಾಕಿನಲ್ಲಿ. ಬೆಳಿಗ್ಗೆಯಿಂದ ಆ ಬಯಲಿನ ಮೆಟ್ಟಿಲ ಮೇಲೆ ಕೂತೆವು. ಸರ್ ಪೆನ್ಸಿಲ್ ಚೂಪು ಮಾಡುತ್ತಲೇ ಇದ್ದರು, ಒಂದೂ ಗೆರೆ ಎಳೆಯಲಿಲ್ಲ. ನಾನು ಕನ್ನಡ ಮಾತು ಕೇಳಿದಲ್ಲೆಲ್ಲ ಎದ್ದು ಹೋಗುತ್ತಿದ್ದೆ. ನಾನು ಹತ್ತಿರ ಹೋದರೆ ಅವರೇ ಚೀಟಿ ಮುಂದೆ ಹಿಡಿಯುತ್ತಿದ್ದರು. ಓದಲು ಬಂದಷ್ಟು ನಾನು ಓದಿದೆ, ಬಾರದ್ದನ್ನು ಸರ್ ಓದಿದರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಯಾವ ಕಿಟಕಿ, ಯಾವ ಮಾಳಿಗೆ, ಉಪವಾಸ ಬರಬೇಕೋ ಉಂಡು ಬರಬೇಕೋ. ಸಂಜೆಯ ಹೊತ್ತಿಗೆ ಏಳೆಂಟು ಜನರಿಗೆ ಹೇಳಿದ್ದೆವು. ಆ ಹೆಣ್ಣುಮಗಳು ಬರಲಿಲ್ಲ. ಬಂದು, ನಾನು ಗುರುತು ಹಿಡಿಯದೆ ಅವರದೇ ಚೀಟಿ ಓದಿ ಕಳಿಸಿದೆನೋ… ಅದೂ ಗೊತ್ತಿಲ್ಲ.

ಅವರ ಯಜಮಾನರು ಉಳಿದರೇ? ಚೀಟಿಯಲ್ಲಿ ಇದ್ದದ್ದು ಇವತ್ತೇ ಅಡ್ಮಿಟ್ ಅಂತಲೋ, ಬರೀ ಕಣ್ಣಿನ ಹನಿಯ ಹೆಸರೋ? ಹೋಗುವ ದಾರಿಯಲ್ಲಿ ಬೇರೆ ಯಾರಾದರೂ ಓದಿ ಹೇಳಿ, ಅವರು ತಿರುಗಿ ಬಂದಿದ್ದರೇ? ಮದುವೆಯಾಗಿ ವಿಶ್ರಾಮಬಾಗಕ್ಕೆ ಬಂದ ಮೇಲೂ, ಅನ್ನಕ್ಕಿಟ್ಟು ನಿಂತಾಗ ಒಮ್ಮೊಮ್ಮೆ ಇದನ್ನು ಲೆಕ್ಕ ಹಾಕುತ್ತೇನೆ. ಒಂದು ದಿನ ಅವರು ಉಳಿದಿರುತ್ತಾರೆ, ಇನ್ನೊಂದು ದಿನ ಇಲ್ಲ.

ಆ ವರ್ಷ ಮುಗಿದ ಮೇಲೆ ಸರ್ ಬೇರೆ ಶಾಲೆಗೆ ಹೋದರು. ನಾನು ಭೇಟಿಯಾದದ್ದು ಆಮೇಲೆ ಒಂದೇ ಸಲ, ನನ್ನ ಮಗಳು ತೊಡೆಯ ಮೇಲಿದ್ದಾಗ. ವಿಶ್ರಾಮಬಾಗದ ಬಸ್ ಸ್ಟಾಪಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತವರು, "ಗುರ್ತ ಸಿಗ್ಲಿಲ್ಲೇನು?" ಅಂದರು. ಕನ್ನಡದಲ್ಲಿ! ನಮ್ಮ ಓಣಿಯ ಕನ್ನಡ, ಒಂದು ಅಕ್ಷರ ಆಚೀಚೆ ಇಲ್ಲ. ಯಾವಾಗ ಕಲಿತಿರಿ ಸರ್ ಅಂದೆ. ಕಲಿಯಬೇಕಾಗಿತ್ತು, ಆಗ ಬಂದಿದ್ದರೆ… ಎಂದು ಅಲ್ಲಿಗೇ ನಿಲ್ಲಿಸಿ ಮಗುವಿನ ಕೆನ್ನೆ ಹಿಂಡಿದರು. ಕಿಸೆಯಲ್ಲಿ ಸಿಪ್ಪೆ ಇತ್ತು.

ಬಸ್ಸು ದೂರದಲ್ಲಿ ಕಂಡಾಗ ಅವರು ಕೇಳಿದರು, "ಆ ದಿವಸ ನಾ ಕೈ ಎತ್ತಿದ್ನೆಲ್ಲ. ನಡೀಲಿ ಅಂತ ಎತ್ತಿದ್ನೋ, ನಿಲ್ಲು ಅಂತ ಎತ್ತಿದ್ನೋ ನನಗ ನೆನಪ ಉಳದಿಲ್ಲ. ನಿನಗ ಹ್ಯಾಂಗ ಕಂಡಿತ್ತು?"

ನಡೆಯಲಿ ಅಂತ ಎಂದರೆ ತಪ್ಪು ಅವರದಾಗುತ್ತಿತ್ತು. ನಿಲ್ಲು ಅಂತ ಎಂದರೆ ಅವರು ನಂಬುತ್ತಿದ್ದರೋ ಇಲ್ಲವೋ. ನಾನು ಮೂರನೆಯದನ್ನು ಹೇಳಿದೆ. "ನಾ ನಿಮ್ಮ ಕಡೆ ನೋಡೇ ಇರಲಿಲ್ರಿ ಸರ್."

ಅವರು ಬರುವ ಬಸ್ಸಿನ ಕಡೆ ನೋಡಿದರು. "ನೋಡಿದ್ರ ಛಲೋ ಇತ್ತು," ಅಂದರು. ನನ್ನ ಬಸ್ಸು ಬಂತು, ಹತ್ತಿದೆ. ಅವರ ಭಾರ ಇಳಿಸಲು ಸುಳ್ಳು ಹೇಳಿದ್ದೆ. ಇಳಿಯಿತೋ, ಇನ್ನಷ್ಟು ಏರಿಸಿದೆನೋ? ಚೀಟಿಗೆ ಮುದ್ರೆ ಇತ್ತು ಅಂತ ಮಾತ್ರ ಆ ದಿನವೂ ನನ್ನ ಬಾಯಿಂದ ಬರಲಿಲ್ಲ.

ಹೋದ ವಾರ ತಂತಿ ಹಾಕಿ ಮುಗಿಸಿದ ಕಾರಿಗರರು, ನಾನು ಬುರುಡೆ ಬಡಿದದ್ದನ್ನು ನೋಡಿ ನಕ್ಕರು. ನಿಮ್ಮ ಹಾಗೆ ಬಡಿಯುವವರು ಒಬ್ಬರಿದ್ದರು, ಮೇಲಿನ ಖೋಲಿಯ ಸರ್, ಎಂದರು. ನಾನು ಅವರ ವಿದ್ಯಾರ್ಥಿನಿ ಅಂದೆ. ಎಲ್ಲಿದ್ದಾರೀಗ ಎಂದು ಕೇಳಿದೆ. ಕಾರಿಗರರು ಸಿತಾರನ್ನು ಗವಸಣಿಗೆಗೆ ಹಾಕುತ್ತಿದ್ದವರು ಕೈ ತಡೆದರು. "ಸರ್ ತೀರಿಹೋಗಿ ವರ್ಷ ಆಗಾಕ ಬಂತಲ್ರಿ ಬಾಯಿ. ಕಡೀತನಕ ಐತವಾರ ತಪ್ಪಿಸಲಿಲ್ಲ. ದವಾಖಾನಿ ಮುಂದ ಕುಂತು ಮಂದಿಗಿ ಚೀಟಿ ಓದಿ ಹೇಳ್ತಿದ್ರು. ಯಾಕ್ರಿ ಸರ್ ಈ ಬಿಸಲಾಗ ಅಂದ್ರ, ಒಬ್ರು ಬರೂದೈತಿ ಅಂತಿದ್ರು."

ಒಂದು ಭಾನುವಾರ ನಾನು ಹತ್ತು ನಿಮಿಷದ ದಾರಿ ಬಂದು ಪಕ್ಕದಲ್ಲಿ ಕೂತು, ಸರ್, ನಾನು ನೋಡಿದ್ದೆ, ನಿಮ್ಮನ್ನೂ, ಮುದ್ರೆಯನ್ನೂ, ಎಂದು ಹೇಳಿಬಿಡಬಹುದಿತ್ತು. ನನ್ನ ಎಲ್ಲ ಭಾನುವಾರಗಳೂ ಎಲ್ಲಿ ಹೋದವು?

ಆ ಒಡಕು ಬುರುಡೆಯನ್ನು ಕೇಳಿ ತೆಗೆದುಕೊಂಡೆ. ಹೆಗಲಿಗೆ ಸಿತಾರು, ಬಗಲಲ್ಲಿ ಬುರುಡೆ. ಬಸ್ಸಿಗೆ ಹೋಗುವವಳು ಕಾಲು ಎಳೆದಲ್ಲಿಗೆ ಹೋದೆ, ಆ ಬಯಲಿಗೆ. ಈಗ ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಮೆಟ್ಟಿಲು ಹಾಗೇ ಇವೆ. ನಿಂತು ಎರಡು ನಿಮಿಷ ಆಗಿರಲಿಲ್ಲ, ವಯಸ್ಸಾದ ಹೆಣ್ಣುಮಗಳೊಬ್ಬರು ಬಂದು ಚೀಟಿ ಹಿಡಿದರು. "ಯವ್ವಾ, ಇದನ್ನೊಂದೀಟ ಓದಿ ಹೇಳ್ರಿ."

"ನಾ ಡಾಕ್ಟರ್ ಅಲ್ರಿ," ಅಂದೆ. ಬಾಯಿಗೆ ಮೊದಲು ಬಂದದ್ದೇ ಅದು.

ಅವರು ನನ್ನ ಬಗಲಿನ ಬುರುಡೆ ನೋಡಿದರು. "ಅದ ಕಾಣತೈತಿ ಬಿಡ್ರಿ. ಓದಾಕ ಬರ್ತೈತಿಲ್ಲೋ?"

ಚೀಟಿಯಲ್ಲಿ ಮರಾಠಿಯಲ್ಲಿ ಬಿಡಿಸಿ ಬರೆದಿತ್ತು, ಕೂಸಿಗೂ ಓದಲು ಬರುವಷ್ಟು ಸ್ಪಷ್ಟ. ಎಂಟು ದಿನ ಬಿಟ್ಟು ಮತ್ತೆ ಬಂದು ತೋರಿಸಬೇಕು. ಅಷ್ಟೇ. ಓದಿದೆ. ಹೇಳಲು ಬಾಯಿ ತೆರೆದೆ. ಆ ಮಾತು ನನ್ನಿಂದ ಹೊರಡಲಿಲ್ಲ. ನಿಜವಾದ ಮಾತು, ಡಾಕ್ಟರೇ ಬರೆದದ್ದು, ಆದರೂ ಹೊರಡಲಿಲ್ಲ. "ನಡೀರಿ, ಒಳಗ ಅವ್ರನ್ನ ಕೇಳೂಣು," ಅಂದೆ. ಅವರಿಗೆ ಆಶ್ಚರ್ಯವಾಗಿರಬೇಕು. ಆದರೂ ಬಂದರು.

ಕಿಟಕಿಯ ಪಾಳಿಗೆ ಅವರನ್ನು ನಿಲ್ಲಿಸಿ ನಾನು ಹಿಂದೆ ನಿಂತೆ. ಅವರ ಮುಂದೆ ನಾಲ್ಕು ಜನ ಇದ್ದರು, ಇವರು ಐದನೆಯವರು. ಸರ್‌ಗೆ ಹೇಳಬೇಕೆನಿಸಿತು. ಹೇಳಲು ಸರ್ ಇಲ್ಲ.